ಕಾರಿಗೊಂದು ಮುಸುಕು

ಬಳ್ಳಾರಿಯಲ್ಲಿ ಹೊಸದಾಗಿ ಕಾರು ಕೊಂಡವನಿಗೆ ಅಭಿನಂದನೆಗಿಂತ ಮೊದಲು ಉಪದೇಶ ಬರುತ್ತದೆ. "ಮೊದಲು ಒಂದು ಕವರ್ ತಂದು ಹೊದಿಸಪ್ಪ, ನಮ್ಮೂರ ಬಿಸಿಲು ಎಂಥದ್ದು ಗೊತ್ತಲ್ಲ" ಎನ್ನುತ್ತಾರೆ ಹಿರಿಯರು. ಅವರು ಅತ್ತ ಹೋದೊಡನೆ ಗ್ಯಾರೇಜಿನವನು ಇತ್ತ ಬಂದು, "ಕವರ್ ಮಾತ್ರ ಹಾಕಬ್ಯಾಡ್ರಿ ಸಾರ್, ಬಣ್ಣ ಹಾಳಾಗ್ತೈತಿ" ಎನ್ನುತ್ತಾನೆ. ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡು ಹಲವು ವರ್ಷ ಕಳೆದವನು ನಾನು. ಬಳ್ಳಾರಿ ನಗರದಲ್ಲಿ ನನ್ನ ಮನೆ. ಕುರುಗೋಡಿನಲ್ಲಿ ಅಕ್ಕನ ಮನೆ. ಸಿರುಗುಪ್ಪದಲ್ಲಿ ತಂದೆ ತಾಯಿಗಳ ಮನೆ. ಈ ಮೂರು ಮನೆಗಳ ಮುಂದೆ ನಿಂತಿದ್ದ ಮೂರು ವಾಹನಗಳು ನನಗೆ ಕಲಿಸಿದ್ದನ್ನು, ಕೇಳುಗ ಮಿತ್ರರೆ, ಈ ಹೊತ್ತು ತಮ್ಮ ಮುಂದಿಡುತ್ತೇನೆ.

ಹಿರಿಯರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಬಳ್ಳಾರಿಗೆ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ನಾವೇ ನಗೆಯಾಡುತ್ತೇವೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಕಾರಿನ ಬಣ್ಣವಾದರೋ ನಾವು ತಿಳಿದಷ್ಟು ಗಟ್ಟಿಯಾದ ವಸ್ತುವಲ್ಲ. ತಗಡಿಗೆ ಅಂಟಿದ ಅಸ್ತರು, ಅದರ ಮೇಲೆ ಬಣ್ಣ, ಅದರ ಮೇಲೆ ಗಾಜಿನಂತೆ ಹೊಳೆಯುವ ಪಾರದರ್ಶಕ ಲೇಪ; ಎಲ್ಲವೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಎಂದರೆ ಒಂದು ಮಿಲಿಮೀಟರಿನ ಆರರಲ್ಲೊಂದು ಪಾಲೂ ಇಲ್ಲ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ವರ್ಷಗಟ್ಟಲೆ ಬಿದ್ದರೆ ಮೇಲಿನ ಲೇಪ ಮಾಸಿ, ಕೊನೆಗೆ ಸಿಪ್ಪೆಯಾಗಿ ಏಳುತ್ತದೆ. ಕಿಟಕಿಯ ರಬ್ಬರು ಬಿರಿಯುತ್ತದೆ. ಹಕ್ಕಿಯ ಹಿಕ್ಕೆ ಬಿಸಿಲಿಗೆ ಒಣಗಿ ಅಳಿಸಲಾರದ ಕಲೆಯಾಗಿ ಉಳಿಯುತ್ತದೆ. ಇವಿಷ್ಟನ್ನೂ ಹೊದಿಕೆ ತಡೆಯುವುದು ನಿಜ.

ಆದರೆ ನಮ್ಮ ಊರಿನ ಬಿಸಿಲಿಗೆ ಧೂಳು ಜೊತೆಗಾರ. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವವರೆಗೆ ಅದಿರಿನ ಲಾರಿಗಳ ಸಾಲು ಹಗಲಿರುಳೂ ಹರಿದುದನ್ನು ಕಂಡವರು, ದಾರಿಬದಿಯ ಮರದೆಲೆಗಳೂ ಕೆಂಪಾಗಿದ್ದುದನ್ನು ಮರೆತಿರಲಾರರು. ಗಣಿಗಳು ನಿಯಮ ನಿರ್ಬಂಧಗಳೊಡನೆ ಮತ್ತೆ ತೆರೆದಿವೆ. ಧೂಳೂ ಪೂರ್ತಿಯಾಗಿ ಹೋಗಿಲ್ಲ. ಅದಿರಿನ ಕಣವಾಗಲಿ ಮರಳಿನ ಕಣವಾಗಲಿ ಕಾರಿನ ಲೇಪಕ್ಕಿಂತ ಬಹಳ ಗಟ್ಟಿ. ಮೈತುಂಬ ಧೂಳು ಹೊತ್ತು ಬಂದ ಕಾರಿನ ಮೇಲೆ ಬಟ್ಟೆ ಎಳೆದರೆ, ಆ ಬಟ್ಟೆ ಬಡಗಿಯ ಉಪ್ಪುಕಾಗದವೇ ಆಗುತ್ತದೆ.

ಇದನ್ನು ನಾನು ತಿಳಿದದ್ದು ತಡವಾಗಿ. ಬಳ್ಳಾರಿ ಜೀನ್ಸ್ ಉಡುಪಿಗೆ ಹೆಸರಾದ ಊರು. ನಮ್ಮ ಬೀದಿಯ ದರ್ಜಿಯಿಂದ ಉಳಿದ ಜೀನ್ಸ್ ಬಟ್ಟೆಯ ತುಂಡುಗಳನ್ನು ಕೂಡಿಸಿ ಒಂದು ಭರ್ಜರಿ ಹೊದಿಕೆ ಹೊಲಿಸಿಕೊಂಡೆ. ಕಾರಿಗೂ ಪ್ಯಾಂಟು ತೊಡಿಸಿದಿರಾ ಎಂದು ನೆರೆಯವರು ನಕ್ಕರು. ಪ್ರತಿ ಸಂಜೆ ಹೊದಿಸಿದೆ, ಪ್ರತಿ ಮುಂಜಾನೆ ತೆಗೆದು ಮಡಿಸಿದೆ. ಮಡಿಸುವಾಗ ಹೊರಮೈಯ ಧೂಳು ಒಳಮೈಗೆ ಹತ್ತುತ್ತದೆಂಬ ಸಣ್ಣ ಸಂಗತಿ ಹೊಳೆಯಲಿಲ್ಲ. ವರ್ಷ ತುಂಬಿದ ಮೇಲೆ ಒಂದು ದಿನ ಓರೆಬಿಸಿಲಿನಲ್ಲಿ ನೋಡುತ್ತೇನೆ, ಬಾನೆಟ್ಟಿನ ತುಂಬ ಜೇಡರಬಲೆಯಂತೆ ಗೀರುಗಳು! ಬಿಸಿಲು ಹತ್ತು ವರ್ಷದಲ್ಲಿ ಮಾಡುವ ಕೆಲಸವನ್ನು ನಾನು ಒಂದೇ ವರ್ಷದಲ್ಲಿ ಶ್ರದ್ಧೆಯಿಂದ ಮಾಡಿ ಮುಗಿಸಿದ್ದೆ.

ಕುರುಗೋಡಿನ ಭಾವನವರದು ಬೇರೆ ಕಥೆ. ಅವರ ಮನೆಯ ಮುಂದೆ ಮೆಣಸಿನಕಾಯಿ ಒಣಹಾಕುವ ವಿಶಾಲವಾದ ಕಣ. ಗಾಳಿಗೆ ಅಡ್ಡಿಯೇ ಇಲ್ಲ. ಅಳತೆಗಿಂತ ದೊಡ್ಡದಾದ ಹೊದಿಕೆಯನ್ನು ಹಗ್ಗದಿಂದ ಬಿಗಿದರೂ ರಾತ್ರಿಯಿಡೀ ಅದು ಪಟಪಟನೆ ಬಡಿಯುತ್ತಿತ್ತು. ಬಡಿದಲ್ಲೆಲ್ಲ ಉಜ್ಜಿ, ಕಾರಿನ ಮೂಲೆಗಳಲ್ಲಿ ಅಸ್ತರು ಕಾಣತೊಡಗಿತು. ಒಂದು ಸಂಜೆ ನಾವಿಬ್ಬರೂ ದೊಡ್ಡಬಸವೇಶ್ವರನ ಗುಡಿಗೆ ಹೋದೆವು. ಆಳೆತ್ತರವನ್ನು ಮೀರಿದ ಆ ಏಕಶಿಲೆಯ ಬಸವನ ಮುಂದೆ ಕೈಮುಗಿದು ನಿಂತಿದ್ದ ಭಾವನವರು ಮೆಲ್ಲಗೆ, "ನೋಡಪ್ಪ, ಬಸವಣ್ಣಗ ಹಿರೇರು ಸೂರು ಕಟ್ಟ್ಯಾರ, ಕಂಬಳಿ ಹೊದಿಸಿಲ್ಲ" ಎಂದರು. ಮರುವಾರವೇ ಕಣದ ಮಗ್ಗುಲಲ್ಲಿ ನಾಲ್ಕು ಕಂಬ ನೆಟ್ಟು ತಗಡಿನ ಚಪ್ಪರ ಎಬ್ಬಿಸಿದರು. ಸೂರು ನೆರಳು ಕೊಡುತ್ತದೆ, ಆದರೆ ಮೈ ಮುಟ್ಟುವುದಿಲ್ಲ, ಸುತ್ತಲೂ ಗಾಳಿಯಾಡುತ್ತದೆ. ಹೊದಿಕೆಯ ಗುಣವಷ್ಟನ್ನೂ ಉಳಿಸಿಕೊಂಡು ದೋಷವನ್ನು ಕಳೆದ ಉಪಾಯ ಅದು.

ಇನ್ನು ಸಿರುಗುಪ್ಪ. ಅಲ್ಲಿಯದು ಕಾಲುವೆಯ ನೀರು, ಭತ್ತದ ಗದ್ದೆ, ಅಕ್ಕಿ ಗಿರಣಿಗಳ ಲೋಕ. ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನ ತಂದೆ ನಿವೃತ್ತರಾಗುವ ಹೊತ್ತಿಗೆ ಹಳೆಯ ಅಂಬಾಸಡರ್ ಒಂದನ್ನು ಕೊಂಡಿದ್ದರು. ಅದು ಅವರ ಜೀವಮಾನದ ಬಯಕೆ. ಭತ್ತದ ಚೀಲಗಳಿಗೆ ಮುಚ್ಚುವ ದಪ್ಪ ತಾಡಪತ್ರಿಯನ್ನು ಅದಕ್ಕೆ ಹೊದಿಸಿ, ನಾಲ್ಕು ಕಡೆ ಇಟ್ಟಿಗೆ ಹೇರಿದರು. "ಮಳೆಯಲ್ಲಿ ಏಕೆ, ಕೆಸರಿನಲ್ಲಿ ಏಕೆ" ಎಂದು ಹೊರಗೆ ತೆಗೆಯುವುದೂ ಕ್ರಮೇಣ ನಿಂತಿತು. ಬಂದವರಿಗೆಲ್ಲ ತಾಡಪತ್ರಿಯ ಅಂಚೆತ್ತಿ ಹೊಳೆಯುವ ಬಣ್ಣವನ್ನು ತೋರಿಸುತ್ತಿದ್ದರು.

2009, ಉತ್ತರ ಕರ್ನಾಟಕವನ್ನು ಮಹಾಮಳೆ ಮುಳುಗಿಸಿದ ವರ್ಷ. ಮಳೆ ನಿಂತು ಕೆಲವು ವಾರ ಕಳೆದಿರಬೇಕು. ಒಂದು ನಡುರಾತ್ರಿ ನನ್ನ ತಾಯಿಗೆ ಉಸಿರಾಟ ಕಷ್ಟವಾಯಿತು. ಬಳ್ಳಾರಿಗೆ 50 ಕಿಲೋಮೀಟರಿಗೂ ಹೆಚ್ಚಿನ ದಾರಿ. ತಂದೆ ಓಡಿಹೋಗಿ ತಾಡಪತ್ರಿ ಸರಿಸಿದರು. ಒಳಗಿನಿಂದ ಹಬೆಯಂಥ ಮುಗ್ಗಲು ವಾಸನೆ ಎದ್ದಿತು. ಕೀ ತಿರುಗಿಸಿದರೆ ಸದ್ದಿಲ್ಲ. ಬಾನೆಟ್ಟು ಎತ್ತಿ ನೋಡಿದರೆ ಭತ್ತದ ಹುಲ್ಲಿನಲ್ಲಿ ಇಲಿಗಳು ಹಾಸಿಗೆ ಮಾಡಿಕೊಂಡು, ತಂತಿಗಳನ್ನು ಕಡಿದು ಹಾಕಿದ್ದವು. ಬಾಗಿಲ ಕೆಳಗಿನ ತಗಡು ತುಕ್ಕು ಹಿಡಿದಿತ್ತು. ಟಾರ್ಚಿನ ಬೆಳಕಿನಲ್ಲಿ ಬಣ್ಣ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ತಾಯಿಯನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಎದುರು ಮನೆಯವರ ಭತ್ತ ಹೇರುವ ಟೆಂಪೋ. ಒಂದು ದಿನವೂ ಮುಸುಕು ಕಾಣದೆ ಬೀದಿಯಲ್ಲೇ ನಿಲ್ಲುತ್ತಿದ್ದ, ಮೈಯೆಲ್ಲ ಜಜ್ಜಿದ ಟೆಂಪೋ. ದೈವದ ದಯೆ, ತಾಯಿ ಉಳಿದರು.

ಕಾರು ರಿಪೇರಿಗೆ ಬಂದ ಮೇಸ್ತ್ರಿ, "ಇದು ನಿದ್ದಿ ಮಾಡಿಲ್ರಿ ಯಜಮಾನ್ರೆ, ಉಪವಾಸ ಬಿದ್ದೈತಿ" ಎಂದ. ಓಡದ ಕಾರಿನ ಬ್ಯಾಟರಿ ತಾನಾಗಿ ಬರಿದಾಗುತ್ತದೆ. ಒಂದೇ ಭಂಗಿಯಲ್ಲಿ ನಿಂತ ಟಯರು ಒಂದೆಡೆ ಚಪ್ಪಟೆಯಾಗುತ್ತದೆ. ಗಾಳಿಯಾಡದ ಹೊದಿಕೆ ನೆಲದ ತೇವವನ್ನು ಒಳಗೇ ಹಿಡಿದಿಡುತ್ತದೆ. ತಂದೆ ಎಲ್ಲವನ್ನೂ ಕೇಳಿಸಿಕೊಂಡು, "ಬಣ್ಣ ಕಾಯಕ್ಕೆ ಹೋಗಿ ಗಾಡೀನ ಮರೆತೆ" ಎಂದಷ್ಟೇ ನುಡಿದರು. ತಾಡಪತ್ರಿ ಮತ್ತೆ ಭತ್ತಕ್ಕೆ ಹೋಯಿತು. ಅಂದಿನಿಂದ ಪ್ರತಿ ಸೋಮವಾರ ತಾಯಿಯನ್ನು ಕೂರಿಸಿಕೊಂಡು ತೆಕ್ಕಲಕೋಟೆಯವರೆಗೆ ಹೋಗಿಬರುವುದು ಅವರ ವ್ರತವಾಯಿತು.

ಹಾಗಾದರೆ ಹೊದಿಕೆ ಬೇಕೆ, ಬೇಡವೆ? ಸೂರು ಅಥವಾ ನೆರಳು ಸಿಕ್ಕುವವರಿಗೆ ಅದೇ ಉತ್ತಮ. ದಿನವೂ ಓಡುವ ಕಾರಿಗೆ ಹೊದಿಕೆಗಿಂತ ನೀರು, ಮೆತ್ತನೆಯ ಬಟ್ಟೆ, ಕಾಲಕಾಲಕ್ಕೆ ಒಂದಿಷ್ಟು ಮೇಣದ ಪಾಲಿಶ್ ಹೆಚ್ಚು ಹಿತ. ಬಯಲಿನಲ್ಲಿ ಹಲವು ದಿನ ನಿಲ್ಲಿಸಲೇಬೇಕಾದಾಗ ಹೊದಿಸಿ. ಆದರೆ ತೊಳೆದು ಒಣಗಿಸಿ, ಎಂಜಿನ್ ತಣಿದ ಮೇಲೆ, ಅಳತೆಗೆ ಸರಿಯಾದ, ಗಾಳಿಯಾಡುವ, ಒಳಮೈ ಮೆತ್ತಗಿರುವ ಹೊದಿಕೆಯನ್ನು ಹೊದಿಸಿ. ವಾರಕ್ಕೊಮ್ಮೆ ಅದನ್ನು ಸರಿಸಿ ಕಾರನ್ನು ಓಡಿಸಿ.

ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ತಂದೆಯವರ ಕಾರಿನ ಬಣ್ಣವೂ ಆ ವೇಳೆಗೆ ಬಿಸಿಲಿಗೆ ಮಾಸಿ ಅಲ್ಲಲ್ಲಿ ಬಿರಿದಿತ್ತು. ಅತಿಥಿಗಳಿಗೆ ತೋರಿಸುವಂಥದ್ದೇನೂ ಅದರಲ್ಲಿ ಉಳಿದಿರಲಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಕೀ ತಿರುಗಿಸಿದರೆ ಮೊದಲ ಸಲಕ್ಕೇ ಗುರ್ರೆನ್ನುತ್ತಿತ್ತು. ಆ ಸದ್ದು ಕೇಳಿ ತಾಯಿ ಒಳಗಿನಿಂದ ಸೆರಗು ಸರಿಪಡಿಸಿಕೊಳ್ಳುತ್ತ ಬರುತ್ತಿದ್ದರು.