ನೆರೆ ಬಂದಾಗ ನಾವು ಕೊಡುವ ಹಣ

(ಮಳೆಗಾಲಕ್ಕೆ ಮುಂಚೆ ಸೇರಿದ್ದ ಮಿಲ್ ಕಾರ್ಮಿಕರ ಹಾಗೂ ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮಳೆಗಾಲ ಹತ್ತಿರ ಬಂದಿದೆ. ಎಲ್ಲಿಯೋ ಒಂದು ಕಡೆ ಹೊಳೆ ಉಕ್ಕುತ್ತದೆ, ಇಲ್ಲವೇ ಗುಡ್ಡ ಕುಸಿಯುತ್ತದೆ. ಆಗ ನಾವು ಡಬ್ಬಿ ಹಿಡಿದು ಬೀದಿಗೆ ಇಳಿಯುತ್ತೇವೆ. ಒಂದು ದಿನದ ಕೂಲಿ ಕೊಡಲು ಈ ಊರಿನ ಕಾರ್ಮಿಕ ಎಂದೂ ಹಿಂಜರಿದವನಲ್ಲ. ಅಂಗಡಿಕಾರರ ಗಲ್ಲಾಪೆಟ್ಟಿಗೆಯೂ ಮುಚ್ಚಿಕೊಂಡದ್ದಿಲ್ಲ. ಆದ್ದರಿಂದ ಕೊಡಿರೆಂದು ಕೇಳಲು ನಾನು ನಿಂತಿಲ್ಲ. ಕೊಟ್ಟದ್ದು ನೊಂದವರ ಕೈ ಮುಟ್ಟಿತೇ, ಮುಟ್ಟಿದರೂ ಉಪಯೋಗಕ್ಕೆ ಬಂದಿತೇ ಎಂಬುದೇ ಇಂದಿನ ಪ್ರಶ್ನೆ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ೨೦೦೯ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕದಲ್ಲಿ ನೆರೆ ಬಂದಾಗ ನಾವು ಮನೆಮನೆ ತಿರುಗಿ ಒಂದು ಲಾರಿ ಹಳೆಯ ಬಟ್ಟೆ ಸೇರಿಸಿದೆವು. ಲಾರಿಗೆ ಬ್ಯಾನರು ಕಟ್ಟಿದೆವು, ಫೋಟೋ ತೆಗೆಸಿಕೊಂಡೆವು. ಹೋಗಿ ನೋಡಿದರೆ ಆ ಊರ ಶಾಲೆಯ ಅಂಗಳದಲ್ಲಿ ನಮಗಿಂತ ಮೊದಲೇ ಬಂದ ಬಟ್ಟೆಯ ರಾಶಿ ಮಳೆಯಲ್ಲಿ ನೆನೆದು ನಾರುತ್ತಿತ್ತು. ಒಬ್ಬ ತಾಯಿ ಹೇಳಿದಳು: "ಅರಿವಿ ಸಾಕಾಗ್ಯಾವ್ರೀ ಅಣ್ಣಾರ, ಅಡಗಿ ಮಾಡಾಕ ಭಾಂಡೆ ಇಲ್ಲ." ನಾವು ಕೊಟ್ಟ ಲಾರಿ ಬಾಡಿಗೆಯಲ್ಲಿ ಆ ಓಣಿಗೆಲ್ಲ ಪಾತ್ರೆ ಕೊಡಿಸಬಹುದಿತ್ತು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಇದು ನಮ್ಮೊಬ್ಬರ ತಪ್ಪಲ್ಲ. ೨೦೦೪ರ ಡಿಸೆಂಬರಿನ ಸುನಾಮಿಯ ಬಳಿಕ ನಾಗಪಟ್ಟಣದ ರಸ್ತೆ ಬದಿಯಲ್ಲಿ ಹಳೆಯ ಬಟ್ಟೆಗಳು ಗುಡ್ಡೆ ಬಿದ್ದವು. ದುಡಿದು ತಿನ್ನುವ ಬೆಸ್ತರು ಇನ್ನೊಬ್ಬರು ತೊಟ್ಟು ಬಿಟ್ಟದ್ದನ್ನು ಮುಟ್ಟಲೊಲ್ಲದೆ ಹೋದರು. ೧೯೮೮ರಲ್ಲಿ ಆರ್ಮೇನಿಯಾ ದೇಶದಲ್ಲಿ ಭೂಕಂಪವಾದಾಗ ಹೊರಗಿನಿಂದ ಸುಮಾರು ೫,೦೦೦ ಟನ್ ಔಷಧಿ ಬಂದು ಬಿದ್ದಿತು. ಅದರಲ್ಲಿ ತಕ್ಷಣಕ್ಕೆ ಉಪಯೋಗವಾಗುವಂಥದು ನೂರಕ್ಕೆ ೩೦ ಪಾಲು ಮಾತ್ರ. ೨೦ ಪಾಲನ್ನು ನಾಶ ಮಾಡಬೇಕಾಯಿತು. ಗಾಯಾಳುಗಳನ್ನು ನೋಡಬೇಕಾದ ಕೈಗಳು ಪೆಟ್ಟಿಗೆ ಬಿಚ್ಚಿ ವಿಂಗಡಿಸುತ್ತ ಕೂತವು.

ಹಾಗಾದರೆ ಏನು ಕೊಡಬೇಕು? ಹಣ ಕೊಡಬೇಕು. ಮಾರುಕಟ್ಟೆಯೇ ಕೊಚ್ಚಿಹೋದ ಮೊದಲ ಕೆಲವು ದಿನ ಅನ್ನ, ನೀರು, ಔಷಧಿಗಳನ್ನು ಸಾಗಿಸಲೇಬೇಕು, ನಿಜ. ಆದರೆ ಅದನ್ನು ಸ್ಥಳದಲ್ಲಿರುವವರು ಕೇಳಿದಂತೆ ಕಳಿಸಬೇಕೇ ಹೊರತು ನಮಗೆ ತೋಚಿದಂತೆ ಅಲ್ಲ. ವ್ಯಾಪಾರಿ ಮಿತ್ರರು ಇದನ್ನು ಬೇಗ ತಿಳಿಯುತ್ತಾರೆ. ನೆರೆ ಇಳಿದ ಊರಿನಲ್ಲಿ ಒಬ್ಬ ಕಿರಾಣಿ ಅಂಗಡಿಯವನು ಕೆಸರು ಬಳಿದು ಬಾಗಿಲು ತೆರೆಯುತ್ತಾನೆ. ಹೊರಗಿನಿಂದ ವಾರಗಟ್ಟಲೆ ಅಕ್ಕಿಬೇಳೆ ಬಿಟ್ಟಿಯಾಗಿ ಬಂದರೆ ಅವನ ಗತಿಯೇನು? ಅದೇ ಹಣವನ್ನು ಕುಟುಂಬಗಳ ಕೈಗೆ ಕೊಟ್ಟರೆ ಒಬ್ಬಳು ಪಾತ್ರೆ ಕೊಳ್ಳುತ್ತಾಳೆ, ಇನ್ನೊಬ್ಬಳು ಮಗುವಿನ ಔಷಧಿ ಕೊಳ್ಳುತ್ತಾಳೆ, ಅಂಗಡಿಯೂ ಉಳಿಯುತ್ತದೆ. ಒಂದೇ ರೂಪಾಯಿ ಎರಡು ಮನೆಯ ಒಲೆ ಹೊತ್ತಿಸುತ್ತದೆ.

ಯಾರಿಗೆ ಕೊಡಬೇಕು? ನೆರೆಗೆ ಮೊದಲೇ ಆ ಜಿಲ್ಲೆಯಲ್ಲಿ ಕೆಲಸ ಮಾಡುತ್ತಿದ್ದವರಿಗೆ, ರಸೀದಿ ಕೊಡುವವರಿಗೆ, ಲೆಕ್ಕ ಪರಿಶೋಧನೆಯ ವರದಿಯನ್ನು ಕೇಳಿದವರ ಮುಂದೆ ಇಡುವವರಿಗೆ. ಮೊಬೈಲಿಗೆ ಯಾರೋ ಕಳಿಸಿದ ಕ್ಯೂಆರ್ ಚಿತ್ರಕ್ಕೆ ಹಣ ಹಾಕಬೇಡಿ. ಪರರ ಸಂಕಟದಲ್ಲಿ ಜೇಬು ತುಂಬಿಕೊಳ್ಳುವವರು ನೀರು ಇಳಿಯುವ ಮೊದಲೇ ಹಾಜರಾಗುತ್ತಾರೆ. ಆದರೆ "ಸಂಬಳಕ್ಕೆ ಒಂದು ಕಾಸೂ ಖರ್ಚು ಮಾಡದ ಸಂಸ್ಥೆಗೇ ಕೊಡುತ್ತೇನೆ" ಎಂಬ ಮಾತನ್ನು ಕೂಲಿ ಮಾಡುವ ನಾವು ಆಡಬಾರದು. ದಾದಿಯ ಸಂಬಳ, ದೋಣಿಯ ಡೀಸೆಲ್, ಲೆಕ್ಕ ಬರೆಯುವವನ ಕೂಲಿ ಇವು ಪೋಲಲ್ಲ. ಕೆಲಸ ನಡೆಯುವುದೇ ಇವುಗಳಿಂದ.

ಇನ್ನೊಂದು ವಿಷಯ. ಪತ್ರಿಕೆಯಲ್ಲಿ ಚಿತ್ರ ಬಂದ ಕಡೆಗೆ ಹಣ ಹರಿಯುತ್ತದೆ, ಬಾರದ ಕಡೆ ಬತ್ತುತ್ತದೆ. ಸುನಾಮಿಯಾದ ಕೆಲವೇ ದಿನಗಳಲ್ಲಿ, ೨೦೦೫ರ ಜನವರಿಯಲ್ಲಿ, 'ಗಡಿಗಳಿಲ್ಲದ ವೈದ್ಯರು' ಎಂಬ ಅಂತರರಾಷ್ಟ್ರೀಯ ಸಂಸ್ಥೆ ಈ ಕೆಲಸಕ್ಕೆ ಹಣ ಸಾಕೆಂದು ಪ್ರಕಟಿಸಿತು. ಬಂದದ್ದನ್ನು ಬೇರೆ ಸಂಕಟಗಳಿಗೆ ಬಳಸಲು ದಾನಿಗಳ ಒಪ್ಪಿಗೆ ಕೇಳಿತು. ಅದು ಪ್ರಾಮಾಣಿಕರ ಲಕ್ಷಣ. ನಂಬಿಕೆಗೆ ಅರ್ಹರೆಂದು ಕಂಡವರಿಗೆ, ಎಲ್ಲಿ ಅಗತ್ಯವೋ ಅಲ್ಲಿ ಬಳಸಿರೆಂದು ಹೇಳಿ ಕೊಡುವುದೇ ಮೇಲು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಿಮಗೆ ಗೊತ್ತು. ೧೯೯೯ರ ಚಂಡಮಾರುತದಲ್ಲಿ ಒಡಿಶಾದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಆಮೇಲೆ ಅಲ್ಲಿ ಆಶ್ರಯ ಕಟ್ಟಡಗಳು ಎದ್ದವು, ಮುನ್ನೆಚ್ಚರಿಕೆಯ ವ್ಯವಸ್ಥೆಯಾಯಿತು, ಹಳ್ಳಿಯ ಯುವಕರು ತರಬೇತಾದರು. ೨೦೧೩ರಲ್ಲಿ ಅದೇ ಕರಾವಳಿಗೆ ಫೈಲಿನ್ ಎಂಬ ಮತ್ತೊಂದು ಭಾರಿ ಚಂಡಮಾರುತ ಬಡಿದಾಗ ಲಕ್ಷಾಂತರ ಜನರನ್ನು ಮೊದಲೇ ಸಾಗಿಸಿದ್ದರಿಂದ ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಮುಂಚೆ ಹಾಕಿದ ಹಣ ಜೀವ ಉಳಿಸಿತು.

ನಮ್ಮ ಡಬ್ಬಿಯಿಂದ ಸರ್ಕಾರದ ಹೊಣೆ ಇಳಿಯುವುದಿಲ್ಲ ಎಂಬುದನ್ನೂ ಮರೆಯಬಾರದು. ಆಶ್ರಯ, ಅನ್ನ, ಕುಡಿಯುವ ನೀರು, ವೈದ್ಯಕೀಯ ನೆರವು, ನೈರ್ಮಲ್ಯ ಇವುಗಳಿಗೆ ಕನಿಷ್ಠ ಮಟ್ಟವನ್ನು ಗೊತ್ತುಮಾಡಬೇಕೆಂದು ೨೦೦೫ರ ವಿಪತ್ತು ನಿರ್ವಹಣಾ ಕಾಯ್ದೆಯೇ ಹೇಳುತ್ತದೆ. ಅದು ಭಿಕ್ಷೆಯಲ್ಲ, ಹಕ್ಕು. ಅದನ್ನು ಕೇಳಿ ಪಡೆಯಲು ಜೊತೆ ನಿಲ್ಲುವುದೂ ನೆರವೇ.

ಆದ್ದರಿಂದ ಈ ಸಭೆಯ ಮುಂದೆ ಒಂದು ಸಲಹೆ ಇಡುತ್ತೇನೆ. ನೆರೆ ಬರಲೆಂದು ಕಾಯದೆ, ಪ್ರತಿ ಸಂಬಳದ ದಿನ ಕೈಲಾದಷ್ಟನ್ನು ಒಂದು ಖಾಯಂ ನಿಧಿಗೆ ಹಾಕೋಣ. ಅದನ್ನು ಮೂರು ಪಾಲು ಮಾಡೋಣ: ಒಂದು ಪಾಲು ಆಪತ್ತಿನ ಮೊದಲ ವಾರಕ್ಕೆ, ಒಂದು ಪಾಲು ಮೂರು ತಿಂಗಳ ಬಳಿಕ, ಕ್ಯಾಮರಾಗಳು ಹೊರಟುಹೋಗಿ ಗೋಡೆ ಇನ್ನೂ ಏಳದಿರುವ ಹೊತ್ತಿಗೆ, ಮೂರನೆಯದು ನಮ್ಮ ಊರಿನ ತಗ್ಗು ಕೇರಿಗಳ ಮುಂಜಾಗ್ರತೆಗೆ. ಲೆಕ್ಕವನ್ನು ಮಿಲ್ಲಿನ ಗೇಟಿನಲ್ಲಿ ಬರೆದು ಅಂಟಿಸೋಣ. ಬ್ಯಾನರು ಬೇಡ, ಫೋಟೋ ಬೇಡ.

ಆ ತಾಯಿಗೆ ಬೇಕಾಗಿದ್ದುದು ನಮ್ಮ ಮರುಕವಲ್ಲ, ಒಂದು ಪಾತ್ರೆ. ಇನ್ನೊಮ್ಮೆ ಹೋದಾಗ ಅದನ್ನೇ ಕೇಳಿ ಕೊಡುವವರಾಗೋಣ.