ಬೀಟೆಯ ಹಲಗೆ, ಜರ್ಮೇನಿಯಂ ಹರಳು: ಗಿಟಾರಿನ ಒಳಗಿರುವ ಕಾಡು ಮತ್ತು ಕಾರ್ಖಾನೆ

(ಲಗ್ಗೆರೆಯಲ್ಲಿ ನೆಲೆಸಿರುವ ಮಲೆನಾಡಿನ ವಿದ್ಯಾರ್ಥಿಗಳು ಹಾಗೂ ದುಡಿಯುವ ತರುಣರ ಕೂಟದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಾಡು, ಹೊಳೆ, ಗುಡ್ಡಗಳ ಕುರಿತು ಚಿಂತಿಸುವ ಸಭೆಯಲ್ಲಿ ಗಿಟಾರಿನ ಪ್ರಸ್ತಾಪವೇಕೆ ಎಂಬ ಪ್ರಶ್ನೆ ಸಹಜವಾದುದು. ಉತ್ತರ ಆ ವಾದ್ಯದ ಒಳಗೇ ಇದೆ. ವಿದ್ಯುತ್ ಗಿಟಾರಿನ ತಂತಿಗಳ ಕೆಳಗೆ ಹಾಸಿರುವ ಹಲಗೆ ಬಹಳಷ್ಟು ಸಂದರ್ಭಗಳಲ್ಲಿ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆಯ ಜಾತಿಯದು. ಅದರ ಹೊಟ್ಟೆಯೊಳಗಿನ ತಾಮ್ರದ ಸುರುಳಿ, ಸೀಸ ಬೆರೆತ ಬೆಸುಗೆ, ಕ್ರೋಮಿಯಂ ಲೇಪಿಸಿದ ಲೋಹದ ಭಾಗಗಳು ಕಾರ್ಖಾನೆಯ ಮಕ್ಕಳು. ಕಾಡಿನಿಂದ ಬಂದುದಕ್ಕೂ ಕಾರ್ಖಾನೆಯಿಂದ ಬಂದುದಕ್ಕೂ ತೆರಬೇಕಾದ ಬೆಲೆ ಅಂಗಡಿಯ ಚೀಟಿಯಲ್ಲಿ ನಮೂದಾಗಿರುವುದಿಲ್ಲ.

ಈ ವಿಚಾರವನ್ನು ಲಗ್ಗೆರೆಯಲ್ಲಿ ಕುಳಿತು ಚರ್ಚಿಸುವುದಕ್ಕೆ ವಿಶೇಷ ಅರ್ಥವಿದೆ. ಒಂದು ಕಾಲಕ್ಕೆ ಹಳ್ಳಿಯಾಗಿದ್ದು ಇಂದು ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಕರಗಿಹೋಗಿರುವ ಈ ಊರು, 1970ರ ದಶಕದಲ್ಲಿ ರೂಪುಗೊಂಡ ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲೇ ಇದೆ. ಲೇತು, ಲೋಹಲೇಪನ, ಮೋಟಾರ್ ರಿವೈಂಡಿಂಗ್ ಮುಂತಾದ ಕೆಲಸಗಳ ಸದ್ದು ಇಲ್ಲಿನ ದಿನಚರಿಯ ಭಾಗ. ಪೀಣ್ಯವನ್ನು ದಾಟಿ ಕೆಲವೇ ಕಿಲೋಮೀಟರ್ ಉತ್ತರಕ್ಕೆ ಹೋದರೆ ಜಾಲಹಳ್ಳಿ. ಗಿಟಾರಿನ ವಿದ್ಯುನ್ಮಾನ ಚರಿತ್ರೆಗೆ ಆ ಜಾಲಹಳ್ಳಿಯ ನಂಟೂ ಇದೆ ಎಂಬುದನ್ನು ಮುಂದೆ ನೋಡಬಹುದು.

ಶೃಂಗೇರಿ ಅಥವಾ ಸಕಲೇಶಪುರದ ಕಡೆಯಿಂದ ಬಂದು, ಲಗ್ಗೆರೆಯ ಬಾಡಿಗೆ ಕೋಣೆಯಲ್ಲಿ ವಾಸಿಸುವ ಒಬ್ಬ ತರುಣನನ್ನು ಊಹಿಸಿಕೊಳ್ಳಬಹುದು. ಆತ ಯಾರೋ ಬಳಸಿ ಬಿಟ್ಟ ವಿದ್ಯುತ್ ಗಿಟಾರೊಂದನ್ನು ಕಡಿಮೆ ಬೆಲೆಗೆ ಕೊಂಡಿದ್ದಾನೆ. ನುಡಿಸಿದರೆ ಗುಂಯ್‌ಗುಡುತ್ತದೆ, ಗುಂಡಿ ತಿರುಗಿಸಿದರೆ ಕರಕರ ಎನ್ನುತ್ತದೆ. ಇದನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳುವಂತೆ ಸಲಹೆ ಕೊಡುವವರು ಹತ್ತು ಮಂದಿ. ತೆರೆದು ನೋಡು ಎನ್ನುವವರು ವಿರಳ. ಈ ಉಪನ್ಯಾಸ ಎರಡನೆಯ ಸಲಹೆಯ ಪರವಾದುದು.

ಬೆರಳುಹಲಗೆಯ ಕಥೆ

ಫಿಂಗರ್‌ಬೋರ್ಡ್ ಎಂದು ಕರೆಯಲಾಗುವ ಬೆರಳುಹಲಗೆಗೆ ಗಟ್ಟಿಯಾದ, ಬೆವರಿಗೆ ಹೆದರದ, ಸವೆಯದ ಮರ ಬೇಕು. ಬಹುಕಾಲ ಈ ಸ್ಥಾನ ಬ್ರೆಜಿಲ್ ದೇಶದ ರೋಸ್‌ವುಡ್ಡಿಗೆ ಮೀಸಲಾಗಿತ್ತು. ಆ ಕಾಡುಗಳು ಬರಿದಾಗುತ್ತ ಬಂದಂತೆ, ಬ್ರೆಜಿಲ್ ಸರ್ಕಾರ ಮರದ ದಿಮ್ಮಿಗಳ ರಫ್ತನ್ನು ನಿರ್ಬಂಧಿಸಿತು. ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ರೋಸ್‌ವುಡ್ಡಿನ ಕಡೆಗೆ, ಅಂದರೆ ಬೀಟೆಯ ಕಡೆಗೆ ಹೊರಳಿತು. 1992ರಲ್ಲಿ ಬ್ರೆಜಿಲ್ಲಿನ ಮರವು ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲನೆಯ ಅನುಬಂಧಕ್ಕೆ ಸೇರಿತು. ಒಂದು ಕಾಡು ಮುಗಿದಾಗ ಮಾರುಕಟ್ಟೆ ಇನ್ನೊಂದು ಕಾಡನ್ನು ಹುಡುಕಿಕೊಳ್ಳುತ್ತದೆ. ಈ ಸಲ ಅದು ಹುಡುಕಿದ್ದು ಮಲೆನಾಡಿನ ಮರವನ್ನು.

ಬೀಟೆ ನಿಧಾನವಾಗಿ ಬೆಳೆಯುವ ಮರ. ಅದರ ಕಪ್ಪು ಕೆಂಪಿನ ತಿರುಳು ಬಲಿಯಲು ಒಬ್ಬ ಮನುಷ್ಯನ ಆಯುಸ್ಸೂ ಸಾಲದೆನ್ನಬಹುದು. ಬೀಜದಿಂದ ಮಾತ್ರವಲ್ಲದೆ ಬೇರಿನಿಂದಲೂ ಚಿಗುರುವ ಗುಣ ಅದಕ್ಕಿದೆ. ಆದರೆ ದನ ಮೇಯ್ದು, ಬೆಂಕಿ ಬಿದ್ದು ಆ ಚಿಗುರು ಉಳಿಯದೆ ಹೋದರೆ ತಾಯಿಮರದೊಂದಿಗೆ ಸಂತತಿಯೂ ಮುಗಿಯುತ್ತದೆ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಬೀಟೆಯು ಅಪಾಯಕ್ಕೆ ಈಡಾಗಬಲ್ಲ ಪ್ರಭೇದವೆಂದು ಗುರುತಿಸಲ್ಪಟ್ಟಿದೆ.

ಈ ಮರವೇ ದೂರದ ಅಮೆರಿಕದಲ್ಲಿ ದೊಡ್ಡ ಮೊಕದ್ದಮೆಗೆ ಕಾರಣವಾಯಿತು. ಬೇರೆ ದೇಶದ ಕಾನೂನನ್ನು ಉಲ್ಲಂಘಿಸಿ ತಂದ ಮರವನ್ನು ತಮ್ಮ ನೆಲದಲ್ಲೂ ಅಪರಾಧವೆಂದು ಪರಿಗಣಿಸುವಂತೆ ಅಲ್ಲಿನ ಲೇಸಿ ಕಾಯಿದೆಯನ್ನು 2008ರಲ್ಲಿ ವಿಸ್ತರಿಸಲಾಗಿತ್ತು. 2011ರ ಆಗಸ್ಟಿನಲ್ಲಿ ಅಧಿಕಾರಿಗಳು ಟೆನ್ನೆಸೀ ರಾಜ್ಯದಲ್ಲಿದ್ದ ಗಿಬ್ಸನ್ ಕಂಪನಿಯ ಕಾರ್ಖಾನೆಗಳನ್ನು ಶೋಧಿಸಿ, ಭಾರತದಿಂದ ತರಿಸಿದ್ದ ಬೀಟೆ ಮತ್ತು ಎಬೊನಿ ಹಲಗೆಗಳನ್ನು ವಶಪಡಿಸಿಕೊಂಡರು. ಸಿದ್ಧವಸ್ತುವೆಂದು ಕಳುಹಿಸಿದ್ದು ನಿಜವಾಗಿ ಕೊಯ್ದ ಮರವೇ ಎಂಬುದು ವಿವಾದದ ತಿರುಳಾಗಿತ್ತು. 2012ರಲ್ಲಿ ಕಂಪನಿಯು ಸರ್ಕಾರದೊಂದಿಗೆ ಒಪ್ಪಂದಕ್ಕೆ ಬಂದು 3 ಲಕ್ಷ ಡಾಲರ್ ದಂಡ ಕಟ್ಟಿತು. ಆ ಒಪ್ಪಂದದ ಮುಖ್ಯ ಭಾಗ ಮಡಗಾಸ್ಕರಿನ ಎಬೊನಿಗೆ ಸಂಬಂಧಿಸಿತ್ತು. ಭಾರತದ ಕಾನೂನಿನ ಅರ್ಥ ಸ್ಪಷ್ಟವಿಲ್ಲವೆಂದು ಒಪ್ಪಿ ಇಲ್ಲಿನ ಮರವನ್ನು ಕಂಪನಿಗೆ ಮರಳಿಸಲಾಯಿತು.

2017ರ ಜನವರಿಯಲ್ಲಿ ಬೀಟೆಯ ಇಡೀ ಕುಲವೇ ಸೈಟಿಸ್‌ನ ಎರಡನೆಯ ಅನುಬಂಧಕ್ಕೆ ಸೇರಿತು. ಗಿಟಾರನ್ನು ಗಡಿ ದಾಟಿಸಿ ಮಾರುವುದಕ್ಕೂ ಪರವಾನಗಿ ಬೇಕಾಯಿತು. ಫೆಂಡರ್ ಕಂಪನಿ ಮೆಕ್ಸಿಕೋದಲ್ಲಿ ತಯಾರಿಸುವ ಹಲವು ಗಿಟಾರುಗಳಲ್ಲಿ ಬೇರೆ ಜಾತಿಯ ಮರವನ್ನು ಬಳಸತೊಡಗಿತು. ವಾದ್ಯ ತಯಾರಕರ ಅಹವಾಲಿನ ಬಳಿಕ 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಬ್ರೆಜಿಲ್ಲಿನ ರೋಸ್‌ವುಡ್ಡಿಗೆ ಮಾತ್ರ ಈ ವಿನಾಯಿತಿ ಇಲ್ಲ. ಕಚ್ಚಾ ಮರದ ಮೇಲಿನ ನಿಯಂತ್ರಣ ಉಳಿದಿದೆ.

ಇಲ್ಲಿ ಇನ್ನೊಂದು ಉದಾಹರಣೆ ಸ್ಮರಣೀಯ. ಅಮೆರಿಕದ ಟೇಲರ್ ಕಂಪನಿಯು ಸ್ಪೇನಿನ ಸಂಸ್ಥೆಯೊಂದರ ಜತೆಗೂಡಿ 2011ರಲ್ಲಿ ಆಫ್ರಿಕದ ಕ್ಯಾಮರೂನಿನಲ್ಲಿ ಎಬೊನಿ ಕೊಯ್ಯುವ ಮಿಲ್ಲನ್ನು ಕೊಂಡಿತು. ಮರ ಕಡಿದು ನೋಡುವವರೆಗೆ ತಿರುಳು ಪೂರ್ಣ ಕಪ್ಪೋ ಅಲ್ಲವೋ ತಿಳಿಯದು. ಗೆರೆ ಮೂಡಿದ ಮರವನ್ನು ಬೆಲೆಯಿಲ್ಲವೆಂದು ಕಾಡಿನಲ್ಲೇ ಕೊಳೆಯಲು ಬಿಡುತ್ತಿದ್ದರೆಂಬ ಸತ್ಯ ಅಲ್ಲಿ ಹೊರಬಿತ್ತು. ಅಂದಿನಿಂದ ಆ ಕಂಪನಿ ಗೆರೆಯುಳ್ಳ ಹಲಗೆಯನ್ನೂ ಬಳಸತೊಡಗಿತು. ಕೊಳ್ಳುವವರ ಕಣ್ಣಿನ ಹಟಕ್ಕಾಗಿ ಎಷ್ಟು ಮರಗಳು ವ್ಯರ್ಥವಾಗಿ ಉರುಳುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

ಆದುದರಿಂದ, ಬೀಟೆಯ ಹಲಗೆಯುಳ್ಳ ಹಳೆಯ ಗಿಟಾರೊಂದು ಕೈಯಲ್ಲಿದ್ದರೆ ಅದನ್ನು ಇನ್ನೂ ಮೂವತ್ತು ವರ್ಷ ನುಡಿಯುವಂತೆ ನೋಡಿಕೊಳ್ಳುವುದು, ಆ ಮರಕ್ಕೆ ಸಲ್ಲಿಸಬಹುದಾದ ಕನಿಷ್ಠ ಗೌರವ. ಇದಕ್ಕೆ ಬೇಕಾಗಿರುವುದು ವಿದ್ಯುನ್ಮಾನದ ಅಲ್ಪ ಜ್ಞಾನ.

ಹಳ್ಳದ ಚಕ್ರ ಮತ್ತು ತಂತಿಯ ಸುರುಳಿ

ಮಲೆನಾಡಿನ ಅನೇಕ ಮನೆಗಳಲ್ಲಿ ಹಳ್ಳದ ನೀರಿನಿಂದ ದೀಪ ಉರಿಸುವ ಕಿರು ಜಲವಿದ್ಯುತ್ ಯಂತ್ರಗಳಿವೆ. ಅಯಸ್ಕಾಂತದ ಪ್ರಭಾವ ಸುರುಳಿಯ ಬಳಿ ಬದಲಾದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂದು 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟ ತತ್ತ್ವವೇ ಅದಕ್ಕೆ ಆಧಾರ. ಗಿಟಾರಿನ ಪಿಕಪ್ ಕೂಡ ಇದೇ ತತ್ತ್ವದ ಮೇಲೆ ನಡೆಯುತ್ತದೆ. ಅಯಸ್ಕಾಂತದ ಸುತ್ತ ಕೂದಲಿಗಿಂತ ದಪ್ಪವಿಲ್ಲದ ಎನಾಮೆಲ್ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಅದೇ ಲಯದ ಕಿರು ವಿದ್ಯುತ್ತು ಹರಿಯುತ್ತದೆ. ಪಂಪ್‌ಸೆಟ್ಟಿನ ಮೋಟಾರ್ ಸುಟ್ಟಾಗ ರಿವೈಂಡಿಂಗ್ ಮಾಡಿಸುವ ರೈತನಿಗೆ ಈ ಸುರುಳಿ ಅಪರಿಚಿತವಲ್ಲ. ಕಡಿದ ಪಿಕಪ್ಪನ್ನೂ ಹಾಗೆಯೇ ಮತ್ತೆ ಸುತ್ತಬಹುದು. ತಂತಿ ಸಣ್ಣದಾದ್ದರಿಂದ ತಾಳ್ಮೆ ಹೆಚ್ಚು ಬೇಕು, ಅಷ್ಟೇ.

ಆ ತರುಣನ ಗಿಟಾರಿನ ಗುಂಯ್‌ಕಾರಕ್ಕೆ ಕಾರಣ, ಗೋಡೆಯ ವೈರುಗಳಿಂದ ಸೂಸುವ 50 ಹರ್ಟ್ಸ್ ವಿದ್ಯುತ್ತನ್ನು ಅದೇ ಸುರುಳಿಯೂ ಒಳಗಿನ ವೈರುಗಳೂ ಹಿಡಿದುಕೊಳ್ಳುವುದು. ಒಳಗಿನ ಪೊಟರೆಗೆ ತಾಮ್ರದ ಹಾಳೆಯನ್ನು ಅಂಟಿಸಿ ಅದನ್ನು ಅರ್ಥ್ ವೈರಿಗೆ ಬೆಸೆದರೆ ಸದ್ದು ಗಣನೀಯವಾಗಿ ಇಳಿಯುತ್ತದೆ. ತಂತಿಯನ್ನು ಮುಟ್ಟಿದಾಗ ಗುಂಯ್‌ಕಾರ ಕಡಿಮೆಯಾಗದಿದ್ದರೆ, ಬ್ರಿಡ್ಜಿಗೆ ಹೋಗುವ ಅರ್ಥ್ ವೈರು ಕಡಿದಿರುವ ಸಂಭವ ಹೆಚ್ಚು. ಕರಕರ ಸದ್ದು ಧ್ವನಿ ಹೊಂದಿಸುವ ಪೊಟೆನ್ಷಿಯೋಮೀಟರಿನದು. ಮಲೆನಾಡಿನ ಮಳೆಗಾಲದ ತೇವವೂ ಲಗ್ಗೆರೆಯ ಧೂಳೂ ಅದರೊಳಗೆ ಸೇರಿಕೊಂಡಿರುತ್ತವೆ. ಸಂಪರ್ಕ ಶುದ್ಧಗೊಳಿಸುವ ದ್ರವವನ್ನು ಸಿಂಪಡಿಸಿ ಗುಂಡಿಯನ್ನು ಹತ್ತಾರು ಬಾರಿ ತಿರುಗಿಸಿದರೆ ಬಹುಪಾಲು ಸರಿಹೋಗುತ್ತದೆ. ಊರಿಗೆ ಒಯ್ದಾಗ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡುವುದು ಲೇಸು.

ಜಾಲಹಳ್ಳಿಯ ಜರ್ಮೇನಿಯಂ

ಗಿಟಾರಿನ ಧ್ವನಿಯನ್ನು ಒರಟಾಗಿಸುವ, ಕಾಲಿನಿಂದ ತುಳಿದು ಚಾಲೂ ಮಾಡುವ ಫಜ್ ಪೆಡಲ್ ಎಂಬ ಉಪಕರಣವಿದೆ. ಇದನ್ನು ಮೊದಲು ವ್ಯಾಪಕ ಮಾರಾಟಕ್ಕೆ ತಂದದ್ದು 1962ರ ಮೇಸ್ಟ್ರೋ ಫಜ್-ಟೋನ್. ಅದರ ಜೀವಾಳ ಜರ್ಮೇನಿಯಂ ಟ್ರಾನ್ಸಿಸ್ಟರ್. ಕಾಕತಾಳೀಯವೆಂಬಂತೆ, 1954ರಲ್ಲಿ ಸ್ಥಾಪನೆಯಾಗಿ ಜಾಲಹಳ್ಳಿಯಲ್ಲಿ ಬೆಳೆದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಜರ್ಮೇನಿಯಂ ಅರೆವಾಹಕಗಳ ತಯಾರಿಕೆಯನ್ನು ಆರಂಭಿಸಿದ್ದೂ 1962ರಲ್ಲಿಯೇ. ಅಲ್ಲಿನ ಉದ್ದೇಶ ದೇಶಕ್ಕೆ ರೇಡಿಯೊ ಒದಗಿಸುವುದಾಗಿತ್ತು. ಗಿಟಾರು ಯಾರ ಮನಸ್ಸಿನಲ್ಲೂ ಇದ್ದಿರಲಾರದು. ಆದರೆ ಹರಳಿಗೆ ಆ ಭೇದ ತಿಳಿಯದು.

1966ರಲ್ಲಿ ಇಂಗ್ಲೆಂಡಿನಲ್ಲಿ ಬಂದ, ಜಿಮಿ ಹೆಂಡ್ರಿಕ್ಸ್ ಬಳಸಿ ಪ್ರಸಿದ್ಧಿಗೆ ತಂದ ಫಜ್ ಫೇಸ್ ಪೆಡಲಿನ ಒಳಗೆ ಇರುವುದು ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಪೊಟೆನ್ಷಿಯೋಮೀಟರ್ ಮತ್ತು ಒಂದು 9 ವೋಲ್ಟ್ ಬ್ಯಾಟರಿ. ಮೊದಲ ಟ್ರಾನ್ಸಿಸ್ಟರ್ ಪಿಕಪ್ಪಿನ ಕ್ಷೀಣ ಸಂಕೇತವನ್ನು ಹಿಗ್ಗಿಸುತ್ತದೆ. ಎರಡನೆಯದು ಅದನ್ನು ಬ್ಯಾಟರಿಯ ಮಿತಿ ಮೀರುವಷ್ಟು ತಳ್ಳುತ್ತದೆ. ಮಿತಿ ಮೀರಿದ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ಆ ಕತ್ತರಿಸಿದ ಅಲೆಯೇ ಕಿವಿಗೆ ಒರಟು ನಾದವಾಗಿ ಕೇಳಿಸುತ್ತದೆ. ಜರ್ಮೇನಿಯಂ ಸೆಕೆಗೆ ಸೂಕ್ಷ್ಮ: ಬಿಸಿಯೇರಿದಂತೆ ಅದರೊಳಗೆ ವಿದ್ಯುತ್ತು ಸೋರತೊಡಗಿ ನಾದ ಕೆಡುತ್ತದೆ. ಕುದುರೆಮುಖದ ಚಳಿಯಲ್ಲಿ ಸೊಗಸಾಗಿ ನುಡಿದ ಪೆಡಲು ಮಂಗಳೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಮಂಕಾಗಬಹುದು.

ಹಳೆಯ ಟ್ರಾನ್ಸಿಸ್ಟರ್ ರೇಡಿಯೊಗಳಲ್ಲಿ ಬಳಕೆಯಲ್ಲಿದ್ದ ಎಸಿ 128 ಮಾದರಿಯ ಜರ್ಮೇನಿಯಂ ಟ್ರಾನ್ಸಿಸ್ಟರನ್ನು ಪೆಡಲ್ ಕಟ್ಟುವವರು ಇಂದಿಗೂ ಹುಡುಕುತ್ತಾರೆ. ಮಲೆನಾಡಿನ ಅಟ್ಟಗಳ ಮೇಲೆ ಕೆಟ್ಟು ಮಲಗಿರುವ ರೇಡಿಯೊಗಳಲ್ಲಿ ಅವು ಇರಲು ಸಾಧ್ಯ. ಕೆಲಸ ಮಾಡುವ ರೇಡಿಯೊವನ್ನು ಬಿಚ್ಚುವುದು ತರವಲ್ಲ. ಅದನ್ನು ರಿಪೇರಿ ಮಾಡಿಸಿ ಆಲಿಸುವುದೇ ಸರಿ. ಗುಜರಿಗೆ ಹೋಗಲಿರುವ ರೇಡಿಯೊವನ್ನಾದರೋ ಮೊದಲು ತೆರೆದು ನೋಡಬೇಕು. ಉಳಿದ ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ.

ಮೊದಲ ಸಲ ಕೈ ಹಾಕುವವರಿಗೆ ಇನ್ನೂ ಸುಲಭವಾದುದು ಎಲ್‌ಎಂ 386 ಎಂಬ ಚಿಪ್ಪಿನ ಪುಟ್ಟ ಆಂಪ್ಲಿಫೈಯರ್. ಸಾಮಾನ್ಯವಾಗಿ ಅದು ಸಂಕೇತವನ್ನು 20 ಪಟ್ಟು ಹಿಗ್ಗಿಸುತ್ತದೆ. 1 ಮತ್ತು 8ನೆಯ ಕಾಲುಗಳ ನಡುವೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಕೂರಿಸಿದರೆ 200 ಪಟ್ಟು. 9 ವೋಲ್ಟ್ ಬ್ಯಾಟರಿಯಲ್ಲಿ ಸುಮಾರು ಅರ್ಧ ವಾಟ್ ಶಕ್ತಿ ದೊರೆಯುತ್ತದೆ. ಒಂದು ಕೋಣೆಗೆ ಧಾರಾಳ. ಸೌರದೀಪದ 6 ವೋಲ್ಟ್ ಬ್ಯಾಟರಿಯಿಂದಲೂ ನಡೆಯುವುದರಿಂದ, ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದ ಊರಿನಲ್ಲೂ ಗಿಟಾರು ಮೂಕವಾಗದು. ಹಳೆಯ ರೇಡಿಯೊದ ಸ್ಪೀಕರು, ಮುರಿದ ಪೆಟ್ಟಿಗೆಯ ಹಲಗೆ ಇದ್ದರೆ ಸಾಕು. ಗೋಡೆಯ ವಿದ್ಯುತ್ತಿನಿಂದ ನಡೆಯುವ ವಾಲ್ವ್ ಆಂಪ್ಲಿಫೈಯರುಗಳನ್ನು ಮಾತ್ರ ಹೊಸಬರು ತೆರೆಯಕೂಡದು. ಅವುಗಳ ಕೆಪಾಸಿಟರುಗಳಲ್ಲಿ ಸ್ವಿಚ್ ಆರಿಸಿದ ಮೇಲೂ ನೂರಾರು ವೋಲ್ಟ್ ಉಳಿದಿರುತ್ತದೆ, ಅದು ಪ್ರಾಣಾಂತಿಕ.

ಕೈಕೆಲಸದ ಜವಾಬ್ದಾರಿ

ಸ್ವತಃ ತಯಾರಿಸಿದ್ದೆಲ್ಲ ಪರಿಸರಕ್ಕೆ ಹಿತವೆಂಬ ಭ್ರಮೆ ಬೇಡ. ಸಾಮಾನ್ಯ ಬೆಸುಗೆಯಲ್ಲಿ 60 ಪಾಲು ತವರ, 40 ಪಾಲು ಸೀಸ. ಬೆಸುಗೆಯ ಹೊಗೆ ಮುಖ್ಯವಾಗಿ ರಾಳದ್ದು, ಅದೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಸೀಸವು ಕೈಯಿಂದ ಬಾಯಿಗೆ ಸೇರುತ್ತದೆ. ಕಿಟಕಿ ತೆರೆದು ಕುಳಿತು, ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆದು, ಆಮೇಲೆ ಊಟಕ್ಕೆ ಏಳಬೇಕು. ಸೀಸವಿಲ್ಲದ ಬೆಸುಗೆಯೂ ದೊರೆಯುತ್ತದೆ. ಅದಕ್ಕೆ ಬಿಸಿ ಸ್ವಲ್ಪ ಹೆಚ್ಚು ಬೇಕು. ತಾಮ್ರದ ಆಸೆಗೆ ವೈರು ಸುಡುವುದಂತೂ ಗಾಳಿಗೆ ವಿಷವಿಕ್ಕಿದಂತೆ. ಉಳಿದ ಚೂರುಗಳನ್ನು ಡಬ್ಬಿಯಲ್ಲಿ ಕೂಡಿಟ್ಟು ಇ-ತ್ಯಾಜ್ಯ ಸಂಗ್ರಹಕರಿಗೇ ಕೊಡಬೇಕು. ಇ-ತ್ಯಾಜ್ಯಕ್ಕೆಂದೇ ದೇಶದಲ್ಲಿ 2012ರಿಂದ ನಿಯಮಗಳು ಜಾರಿಯಲ್ಲಿವೆ. ಪರಿಷ್ಕೃತ ನಿಯಮಗಳು 2023ರ ಏಪ್ರಿಲಿನಿಂದ ಜಾರಿಗೆ ಬಂದಿವೆ.

ಗಿಟಾರಿನ ಬ್ರಿಡ್ಜು, ಕಿವಿ, ಜಾಕುಗಳ ಹೊಳಪಿನ ಹಿಂದೆಯೂ ಒಂದು ಕಥೆಯಿದೆ. ಆ ಹೊಳಪು ಬರುವುದು ನಿಕ್ಕಲ್ ಮತ್ತು ಕ್ರೋಮಿಯಂ ಲೇಪನದಿಂದ. ಲೋಹಲೇಪನ ಘಟಕಗಳಿರುವ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದನ್ನು ಅಧ್ಯಯನಗಳು ದಾಖಲಿಸಿವೆ. ಲಗ್ಗೆರೆಯ ನೆರೆಯಲ್ಲೇ ನಡೆದಿರುವ ಈ ಹಾನಿ ಗಿಟಾರಿನಿಂದ ಆದುದೆಂದು ಯಾರೂ ಹೇಳಲಾರರು. ಆದರೆ ಹೊಳಪು ಮಾಸಿತೆಂಬ ಒಂದೇ ಕಾರಣಕ್ಕೆ ಹೊಸ ಲೋಹ ಬಯಸುವಾಗ, ಎಲ್ಲೋ ಒಂದು ಊರಿನ ಬಾವಿ ಅದರ ಬೆಲೆ ತೆರುತ್ತಿರಬಹುದೆಂಬ ನೆನಪು ಇರಲಿ. ಮಾಸಿದ ಬ್ರಿಡ್ಜಿನಿಂದ ನಾದವೇನೂ ಕೆಡುವುದಿಲ್ಲ.

ಮಿತ್ರರೇ, ಬೀಟೆ ಹುಟ್ಟುವ ನಾಡಿನವರು ಆ ಬೀಟೆಯ ವಾದ್ಯವನ್ನು ಕೊಳ್ಳುವವರಾಗಿ ಮಾತ್ರ ಉಳಿಯಬೇಕಾಗಿಲ್ಲ. ಊಹೆಯ ಆ ತರುಣ ಇಂದು ಸಂಜೆ ನಾಲ್ಕು ಸ್ಕ್ರೂಗಳನ್ನು ಬಿಚ್ಚಿ, ಕಡಿದ ಒಂದು ವೈರನ್ನು ಬೆಸೆದನೆಂದರೆ, ಒಂದು ವಾದ್ಯ ಗುಜರಿ ಸೇರುವುದು ತಪ್ಪಿತು. ರಜೆಗೆ ಊರಿಗೆ ಹೋದಾಗ ಶಾಲೆಯ ಮಕ್ಕಳಿಗೆ ಅದೇ ಬೆಸುಗೆಯನ್ನು ಕಲಿಸಿದನೆಂದರೆ, ಆ ಮಕ್ಕಳು ನಾಳೆ ಕೆಟ್ಟ ಸೌರದೀಪವನ್ನೂ ಹಳ್ಳದ ಬದಿಯ ಯಂತ್ರವನ್ನೂ ತಾವೇ ಸರಿಪಡಿಸಬಲ್ಲರು. ತೋಟದಂಚಿನಲ್ಲಿ ಬೇರಿನಿಂದ ಎದ್ದ ಬೀಟೆಯ ಚಿಗುರಿಗೆ ಅವರೇ ಬೇಲಿ ಕಟ್ಟಿದರೆ, ಅದರ ಮರ ಯಾವ ವಾದ್ಯಕ್ಕೂ ಹೋಗದೆ ನಿಂತಲ್ಲೇ ನಿಲ್ಲಲಿ.