ಊರ ಗದ್ದೆಯಿಂದ ಶಾಲೆಯ ತಟ್ಟೆಗೆ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಘಂಟೆ ಗಣಪತಿಯ ಸನ್ನಿಧಿಯ ಈ ಚಂದಗುಳಿಯಲ್ಲಿ ನಮ್ಮ ಸಂಘ ಬೆಳ್ಳಿಹಬ್ಬ ಆಚರಿಸುತ್ತಿರುವುದು ಎಲ್ಲರಿಗೂ ಸಂತೋಷದ ಸಂಗತಿ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರದ ದೀಪ ಹಚ್ಚಿದರು. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಮಾರಾಟ ಸಂಘ ಹುಟ್ಟಿತು, ಅಡಿಕೆಗೊಂದು ದಾರಿಯಾಯಿತು. ಆದರೆ ನಾವು ಬೆಳೆಯುವ ಮೊಗೆಕಾಯಿ, ಬಾಳೆಕಾಯಿ, ಬಸಳೆ, ಹರಿವೆಗೆ ದಾರಿ ಯಾವುದು? ಪೇಟೆಗೆ ಒಯ್ದರೆ ಬಸ್ಸಿನ ಚಾರ್ಜೂ ಹುಟ್ಟುವುದಿಲ್ಲ. ಹತ್ತಿರದ ದಾರಿ ಒಂದುಂಟು, ಅದು ಶಾಲೆಯ ಅಡುಗೆಮನೆ. ಆ ದಾರಿ ಹಿಡಿದರೆ ನಿಜವಾಗಿ ಯಾರಿಗೆ ಎಷ್ಟು ಅನುಕೂಲ ಎಂಬುದನ್ನು ಲೆಕ್ಕ ಹಾಕಿ ನೋಡೋಣ ಎಂಬುದೇ ನಮ್ಮ ಇವತ್ತಿನ ಮಾತು.

ಅಕ್ಷರ ದಾಸೋಹ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ನಮ್ಮ ಕಡೆಗೂ ಬಂತು. ಅಕ್ಕಿ, ಬೇಳೆ, ಎಣ್ಣೆ ಸರಕಾರದ ಗೋದಾಮಿನಿಂದ ಬರುತ್ತವೆ. ತರಕಾರಿಯನ್ನು ಶಾಲೆಯವರೇ ಕೊಳ್ಳಬೇಕು. ಊರ ರೈತ ಒಳಗೆ ಹೋಗಲು ಇರುವ ಬಾಗಿಲು ಇದು.

ರೈತರ ಮಾಲು ಶಾಲೆಗೆ ಹೋದ ದೊಡ್ಡ ಉದಾಹರಣೆ ಹಾಲಿನದು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಆರಂಭವಾಯಿತು. ಮಗುವೊಂದಕ್ಕೆ 18 ಗ್ರಾಂ ಪುಡಿಯಿಂದ 150 ಮಿಲಿಲೀಟರ್ ಹಾಲು. ಊರೂರಿನ ಹಾಲು ಸಂಘಗಳಲ್ಲಿ ಸಂಗ್ರಹವಾದ ಹಾಲಿಗೆ ಇದರಿಂದ ಒಂದು ಗಿರಾಕಿ ಸಿಕ್ಕಿದಂತಾಯಿತು. ಸಹಕಾರಿಗಳಾದ ನಮಗೆ ಹೆಮ್ಮೆಯೇ ಸರಿ. ಆದರೆ ಇಷ್ಟು ಲಕ್ಷ ಲೋಟ ಹಂಚಿದೆವು ಎಂಬುದು ಹಂಚಿಕೆಯ ಲೆಕ್ಕವಾಯಿತು, ಪರಿಣಾಮದ ಲೆಕ್ಕ ಆಗಲಿಲ್ಲ. ಮಗು ಕುಡಿಯಿತೋ, ಚೆಲ್ಲಿತೋ? ತೂಕ ಏರಿತೋ? ಕರು ಕಟ್ಟಿದವನಿಗೆ ಲೀಟರಿಗೆ ಏನು ಹೆಚ್ಚಿಗೆ ಸಿಕ್ಕಿತು? ಇದು ಬೇರೆಯೇ ಲೆಕ್ಕ.

ಈಗ ನಮ್ಮ ತರಕಾರಿಯ ಲೆಕ್ಕ. ಐದನೇ ಇಯತ್ತೆಯವರೆಗೆ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಆರರಿಂದ ಎಂಟರವರೆಗೆ 75 ಗ್ರಾಂ ಎಂದು ನಿಯಮ. ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ 40 ಮಕ್ಕಳಿದ್ದಾರೆ ಎನ್ನಿ. ದಿನಕ್ಕೆ 2 ಕಿಲೋ ಆಯಿತು. 220 ದಿನ ಶಾಲೆ ನಡೆದರೆ 440 ಕಿಲೋ. ಕಿಲೋಕ್ಕೆ 30 ರೂಪಾಯಿ ಹಿಡಿದರೂ ವರ್ಷಕ್ಕೆ 13,200. ಹತ್ತು ಮನೆಯವರು ಹಂಚಿಕೊಂಡರೆ ಮನೆಗೆ 1,320 ರೂಪಾಯಿ. ಇದರಿಂದ ರೈತ ಉದ್ಧಾರ ಆದ ಎಂದು ವೇದಿಕೆಯಲ್ಲಿ ಹೇಳಿದರೆ ಸುಳ್ಳು ಹೇಳಿದ ಹಾಗೆ. ಹಾಗಾದರೆ ಲಾಭ ಎಲ್ಲಿದೆ? ಮಗುವಿನ ತಟ್ಟೆಯಲ್ಲಿದೆ. ಕೊಯ್ದ ದಿನವೇ ಬೇಯುವ ಸೊಪ್ಪಿನ ರುಚಿಯೇ ಬೇರೆ. ಮನೆಯಲ್ಲಿ ಮಾಡುವ ಬಸಳೆ ಹುಳಿ ಶಾಲೆಯಲ್ಲೂ ಸಿಕ್ಕರೆ ಮಗು ತಟ್ಟೆಯಲ್ಲಿ ಬಿಡುವುದು ಕಡಿಮೆಯಾಗಬಹುದು. ಹೌದೋ ಅಲ್ಲವೋ ಎಂದು ಅಳೆದೇ ನೋಡಬೇಕು.

ಅದಕ್ಕೆ ಸಂಘದಲ್ಲಿ ಒಂದು ವಹಿ ಇಡೋಣ. ಮೂರು ಕಲಮು ಸಾಕು.

ಮೊದಲನೆಯದು ತಟ್ಟೆಯದು. ಊಟವಾದ ಮೇಲೆ ಉಳಿದದ್ದನ್ನು ವಾರಕ್ಕೊಮ್ಮೆ ತೂಗಿ ಬರೆಯುವುದು. ಹಾಜರಿಯನ್ನೂ ಬರೆಯುವುದು. ಆದರೆ ಮಳೆಗಾಲದ ಹಾಜರಿಯನ್ನು ಚಳಿಗಾಲದ ಹಾಜರಿಗೆ ಹೋಲಿಸಬಾರದು. ಹಳ್ಳ ತುಂಬಿದಾಗ ಮಕ್ಕಳು ಬರುವುದು ಹೇಗೂ ಕಡಿಮೆ. ಜುಲೈಯನ್ನು ಹಿಂದಿನ ವರ್ಷದ ಜುಲೈಗೇ ಹೋಲಿಸಬೇಕು.

ಎರಡನೆಯದು ರೈತನದು. ಯಾರು ಏನು ಕೊಟ್ಟರು, ಎಷ್ಟು ದಿನಕ್ಕೆ ಹಣ ಸಂದಾಯವಾಯಿತು. ಅನುದಾನ ಬರುವುದು ಹಿಂದೆ ಮುಂದೆ ಆದರೂ ಸಂಘದ ಖಾತೆಯಿಂದ ಆ ವಾರದಲ್ಲೇ ಜಮಾ ಆಗಬೇಕು. ದೊಡ್ಡ ತೋಟದ ನಾಲ್ಕೇ ಮನೆಯವರು ಕೊಡುವುದಾದರೆ ಅದೂ ವಹಿಯಲ್ಲಿ ಕಾಣುತ್ತದೆ. ಹಿತ್ತಲಲ್ಲಿ ಹತ್ತು ಬುಡ ಹರಿವೆ ಹಾಕಿದ ತಾಯಿಗೂ ಪಾಳಿ ಸಿಗಬೇಕು.

ಮೂರನೆಯದು ಅಡುಗೆಯವರದು. ಇದನ್ನು ಯಾರೂ ಕೇಳುವುದೇ ಇಲ್ಲ. ಸುವರ್ಣಗಡ್ಡೆ ಕೊಟ್ಟು ನಾವು ಮನೆಗೆ ಹೋದೆವು, ಹೆಚ್ಚುವ ಅಕ್ಕನ ಕೈ ತುರಿಕೆ ಯಾರಿಗೆ ಗೊತ್ತು? ಹೆಚ್ಚಿದ ಕೆಲಸವನ್ನೂ ಖರ್ಚಿನ ಬಾಬತ್ತಿಗೇ ಹಿಡಿಯಬೇಕು.

ಕಾಲವನ್ನೂ ನೋಡಬೇಕು. ಹಲಸು ಹಣ್ಣಾಗುವಾಗ ಶಾಲೆಗೆ ರಜೆ. ಶಾಲೆ ತೆರೆದಾಗ ಮಳೆ ಹಿಡಿದು ಪೇಟೆ ತರಕಾರಿ ತುಟ್ಟಿ. ಆಗ ಕೈಹಿಡಿಯುವುದು ಮೊಗೆಕಾಯಿ. ಬೇಸಿಗೆಯಲ್ಲಿ ಬೆಳೆದು, ಬಾಳೆಪಟ್ಟೆಯಲ್ಲಿ ಕಟ್ಟಿ ಅಟ್ಟದಲ್ಲಿ ತೂಗುಹಾಕಿದ್ದು ಮಳೆಗಾಲದಲ್ಲೂ ಕೆಡದೆ ಉಳಿಯುತ್ತದೆ. ಇನ್ನೊಂದು ಎಚ್ಚರಿಕೆ: ಕೊಳೆಗೆ ಬೋರ್ಡೋ ಹೊಡೆದ ತೋಟದ ಕೆಳಗಿನ ಕೆಸು, ಸೊಪ್ಪು ಶಾಲೆಗೆ ಬರಲೇಬಾರದು. ಕೊಡುವವರ ಹೆಸರು ವಹಿಯಲ್ಲಿದ್ದರೆ ಜವಾಬ್ದಾರಿಯೂ ಇರುತ್ತದೆ.

ದೂರದ ಬ್ರೆಜಿಲ್ ದೇಶದಲ್ಲಿ 2009ರಲ್ಲೇ ಕಾಯ್ದೆ ಆಯಿತು. ಶಾಲಾ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ನೂರಕ್ಕೆ 30ರಷ್ಟಾದರೂ ಸಣ್ಣ ರೈತ ಕುಟುಂಬಗಳ ಬೆಳೆಗೇ ಹೋಗಬೇಕು ಎಂದು ಅದು ವಿಧಿಸಿತು. ಅಷ್ಟು ದೊಡ್ಡ ದೇಶ ಮಾಡಿದ್ದನ್ನು ನಾವು ಒಂದು ಶಾಲೆಯಲ್ಲಿ ಪರೀಕ್ಷೆಗಾದರೂ ಮಾಡಬಹುದಲ್ಲವೇ?

ಶಾಲಾಭಿವೃದ್ಧಿ ಸಮಿತಿಯವರೂ ಗುರುಗಳೂ ಒಪ್ಪಿದರೆ ಒಂದು ವರ್ಷ ನಡೆಸೋಣ. ಮುಂದಿನ ವಾರ್ಷಿಕ ಸಭೆಯಲ್ಲಿ ಆಢಾವೆ ಪತ್ರಿಕೆಯ ಜೊತೆಗೇ ಈ ವಹಿಯನ್ನೂ ಓದೋಣ. ಫಲ ಕಂಡರೆ ಬೇರೆ ಶಾಲೆಗಳಿಗೂ ವಿಸ್ತರಿಸುವುದು, ಕಾಣದಿದ್ದರೆ ಕಾಣಲಿಲ್ಲ ಎಂದೇ ಬರೆಯುವುದು. ಸಾಲದ ವಸೂಲಿಯನ್ನು ಪೈಸೆ ಬಿಡದೆ ಲೆಕ್ಕ ಇಡುವ ಸಂಘಕ್ಕೆ ನಮ್ಮ ಮಕ್ಕಳ ಊಟದ ಲೆಕ್ಕ ಭಾರವಾಗದು.

 ಜೈ ಸಹಕಾರ.